ಖಾಲಿ ಕರಡಿಗೆ

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ. ವರ್ಷಗಳ ಹಿಂದೆ ಬುಡಾಪೆಸ್ಟಿನಲ್ಲಿ ಎಲ್ಲ ಕೆಡತೊಡಗಿದ್ದು ಆ ಹೊತ್ತಿಗೆ. ಮೊನ್ನೆ ಮಸ್ಕಿಯ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಜ್ಜನೊಬ್ಬನ ಹಣೆಯಿಂದ ಹಸಿ ವಿಭೂತಿಯ ವಾಸನೆ ಬಂತು. ನನಗೆ ತಿಳಿಯದೆಯೇ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದೆ. ಹೊರಗೆ ಕಾಲುವೆ ದಡಮುಟ್ಟ ಹರಿಯುತ್ತಿತ್ತು...

ನಾನಾಗ ಜರ್ಮನಿಯಲ್ಲಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ನನಗಿಂತ ದೊಡ್ಡವಳು, ಲಿಂಗಸುಗೂರಿನವಳು. ನಾನು ಸಿಂಧನೂರಿನವಳು ಎಂದು ಗೊತ್ತಾದ ದಿನವೇ ಅವಳು ನನಗೆ ಅಕ್ಕ ಆದಳು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದಿನಾ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮುಗಿಸಿದ ಮೇಲೆಯೇ ಅವಳ ಬಾಯಿಗೆ ಚಹಾ. ನಮ್ಮ ಮನೆಯ ಗೋಡೆ ಮೇಲಿರುವುದು ಬುದ್ಧನ ಪಟ. ಲಿಂಗ ಕಟ್ಟಿಕೊಂಡವರ ಕಟ್ಟುಪಾಡು ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಅವಳ ವಿಭೂತಿಯ ವಾಸನೆಗೆ ಮಾತ್ರ ಪರದೇಶದ ಆ ಕೋಣೆ ನಮ್ಮೂರಿನ ಹಾಗೆ ಅನಿಸುತ್ತಿತ್ತು.

ನವೆಂಬರಿನ ಒಂದು ವಾರಾಂತ್ಯ ಇಬ್ಬರೂ ಬುಡಾಪೆಸ್ಟ್ ನೋಡಲು ಹೋದೆವು. ಶನಿವಾರ ಬೆಳಿಗ್ಗೆ ಬೀದಿಗಳಿನ್ನೂ ಖಾಲಿ. ಕೋಟೆ, ಸೇತುವೆ, ಮಾರ್ಕೆಟ್ಟು ಎಂದು ನಾನು ಲೆಕ್ಕ ಹಾಕುತ್ತಿದ್ದರೆ ಅಕ್ಕ ನೇರ ಡಾನ್ಯೂಬ್ ನದಿಯ ಕಡೆ ನಡೆದಳು.

"ಮೊದಲ ಗಂಗವ್ವನ್ನ ಮಾತಾಡ್ಸೂಣು ಬಾ ಬೇ. ಊರು ಎಲ್ಲೀಗೂ ಓಡಿ ಹೋಗಂಗಿಲ್ಲ."

ಅವಳ ತಾಯಿಯ ತವರು ಬಳಗಾನೂರು. ಅಲ್ಲಿ ಕಾಲುವೆಗೆ ಹೊಸ ನೀರು ಬಿಟ್ಟ ದಿನ ಹೆಂಗಸರು ಇಳಿದು ಅರಿಶಿನ ಕುಂಕುಮ ಬಿಟ್ಟು, ನೀರನ್ನು ಕಣ್ಣಿಗೆ ಒತ್ತಿಕೊಂಡು ಬರುತ್ತಾರೆ. ಚಿಕ್ಕಂದಿನಿಂದ ಅವಳು ಕಂಡ ನೀರು ಅದೇ. ಹೊಸ ನದಿಯ ನೀರನ್ನು ಲಿಂಗಕ್ಕೆ ಎರೆಯಬೇಕೆಂದು ಅವಳಿಗೆ ಆಸೆ. ಕಲ್ಲಿನ ಮೆಟ್ಟಿಲು ನೀರಿನೊಳಗೆ ಇಳಿದಿದ್ದವು. ಬೂಟು ಬಿಚ್ಚಿ ಇಳಿದಳು. ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯಿಂದ ನೀರು ಮೊಗೆಯಲು ಬಾಗಿ, ಇನ್ನೊಂದು ಕಾಲು ಮುಂದಿಟ್ಟಳು.

ನಮ್ಮ ಕಾಲುವೆಯ ದಡ ಇಳಿಜಾರು. ಎಷ್ಟು ಇಳಿದರೂ ಕಾಲಿಗೆ ನೆಲ ಸಿಗುತ್ತದೆ. ಕಾಲುವೆ ಸೀಮೆಯವರ ಕಾಲಿಗೆ ಆ ನಂಬಿಕೆ ಇರುತ್ತದೆ. ಅಲ್ಲಿ ಮುಂದಿನ ಮೆಟ್ಟಿಲು ಇರಲಿಲ್ಲ.

ಒಮ್ಮೆಲೇ ಆಳಕ್ಕೆ ಬಿದ್ದಳು. ಕೋಟು ನೀರು ಕುಡಿದು ಅವಳನ್ನು ಕೆಳಗೆಳೆಯುತ್ತಿತ್ತು. ದೋಣಿ ಕಟ್ಟಲು ದಡದ ಗೋಡೆಗೆ ಬಡಿದಿದ್ದ ಕಬ್ಬಿಣದ ಬಳೆಯೊಂದು ಬಲಗೈಗೆ ಸಿಕ್ಕಿತ್ತು. ಎಡಗೈ ಮುಷ್ಟಿ ಕಟ್ಟಿಕೊಂಡೇ ಇತ್ತು. ನಾನು ಮೆಟ್ಟಿಲ ಮೇಲೆ ಬೋರಲು ಬಿದ್ದು ಕೈ ಚಾಚಿದೆ, ಎಟುಕಲಿಲ್ಲ. ನಾಯಿ ಅಡ್ಡಾಡಿಸಲು ಬಂದಿದ್ದ ಮುದುಕನೊಬ್ಬ ಓಡಿ ಬಂದು ನಾಯಿಯ ಉದ್ದನೆಯ ಬೆಲ್ಟನ್ನು ಬಿಚ್ಚಿ, ಒಂದು ತುದಿ ಹಿಡಿದುಕೊಂಡು ಇನ್ನೊಂದನ್ನು ಅವಳ ಕಡೆ ಎಸೆದ. ಅದು ಅವಳ ಎಡ ಭುಜದ ಮೇಲೆಯೇ ಬಿತ್ತು. ಅವಳು ಹಿಡಿಯಲಿಲ್ಲ. ಬಲಗೈ ಬೆರಳು ಒಂದೊಂದೇ ಬಳೆಯಿಂದ ಜಾರುತ್ತಿದ್ದವು.

"ಬಿಡಕ್ಕಾ, ಅದನ್ನ ಬಿಡು. ಎರಡೂ ಕೈಲೆ ಹಿಡಿ."

ಅವಳು ನನ್ನನ್ನು ನೋಡಿದಳು. ಆ ನೋಟವನ್ನು ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ... ಮುಷ್ಟಿ ಬಿಚ್ಚಿತು. ಮುದುಕ, ನಾನು ಸೇರಿ ಎಳೆದುಕೊಂಡೆವು.

ಆಂಬುಲೆನ್ಸಿನವರು ಬಂದು ಮೈ ಬೆಚ್ಚಗೆ ಮಾಡಿ, ಪರೀಕ್ಷೆ ಮಾಡಿ, ಏನೂ ಆಗಿಲ್ಲ ಎಂದು ಕಳಿಸಿದರು. ನನ್ನ ನಿಜವಾದ ಹೆದರಿಕೆ ಶುರುವಾದದ್ದು ಆಮೇಲೆ, ನಾವು ಇಳಿದುಕೊಂಡಿದ್ದ ರೂಮಿನಲ್ಲಿ. ಅಕ್ಕ ಖಾಲಿ ಕರಡಿಗೆಯನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಪೂಜೆಯಿಲ್ಲ, ಹಾಗಾಗಿ ಊಟವಿಲ್ಲ, ನೀರೂ ಇಲ್ಲ. ಅಳಲೂ ಇಲ್ಲ. ಸಂಜೆ ಒಮ್ಮೆ, ಬಸ್ಸು ಎಷ್ಟೊತ್ತಿಗೆ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು:

"ಲಿಂಗ ಹೋದಮ್ಯಾಲ ಈ ಮೈ ಯಾಕ ಇಟಗೋಬೇಕು ತಂಗಿ?"

ಕಿಟಕಿಯಿಂದ ನದಿ ಕಾಣುತ್ತಿತ್ತು. ನಾನು ಪರದೆ ಎಳೆದೆ. ಅವಳ ಬೂಟುಗಳನ್ನು ನನ್ನ ಹಾಸಿಗೆಯ ಕೆಳಗೆ ಬಚ್ಚಿಟ್ಟೆ. ಅವಳು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬೆಳಗು ಮಾಡಿದೆ. ಲಿಂಗ ಕಳೆದುಕೊಂಡವರು ಪ್ರಾಣ ಬಿಟ್ಟ ಹಳೆಯ ಕಥೆಗಳನ್ನು ಯಾವಾಗಲೋ ಕೇಳಿದ್ದೆ. ಕಥೆ ಎಂದುಕೊಂಡಿದ್ದೆ.

ಭಾನುವಾರ ತಡೆಯಲಾಗದೆ ಅವಳ ಫೋನಿನಿಂದಲೇ ಲಿಂಗಸುಗೂರಿಗೆ ಹಚ್ಚಿದೆ. ಎತ್ತಿದ್ದು ಅವಳ ಅಜ್ಜ, ಅವಳಿಗೆ ಲಿಂಗದೀಕ್ಷೆ ಮಾಡಿಸಿದವರು. ಬೈಯುತ್ತಾರೆ ಎಂದು ಹೆದರುತ್ತಲೇ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು ಉಂಡಾಳೇನು ಎಂದು. ಇಲ್ಲ ಎಂದೆ. ಫೋನನ್ನು ಅವಳ ಕಿವಿಗೆ ಹಿಡಿ ಎಂದರು. ಸ್ಪೀಕರ್ ಹಾಕಿ ಮುಂದಿಟ್ಟೆ.

"ಲಿಂಗ ಗಂಗಿ ಪಾಲಾತು. ನೀ ನನ್ನ ಪಾಲಿಗಿ ಉಳದಿ," ಎಂದರು ಅಜ್ಜ. "ಅಂಗೈ ಐತಿಲ್ಲ? ಅದಕ್ಕ ವಿಭೂತಿ ಹಚ್ಚು. ಅದನ್ನ ನೋಡಿಕೋಂತ ಕುಂದರು. ನೀ ಬಂದಮ್ಯಾಲ ನಾನ ಹೊಸದು ಕಟ್ಟತೀನಿ."

ಅವಳು ಆಗ ಅತ್ತಳು. ಆಮೇಲೆ ಸ್ನಾನ ಮಾಡಿ, ಬರಿ ಅಂಗೈಗೆ ವಿಭೂತಿ ಹಚ್ಚಿಕೊಂಡು ಕೂತಳು. ಕೋಣೆಯೆಲ್ಲ ಅದೇ ವಾಸನೆ... ಪೂಜೆ ಮುಗಿಸಿ ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದಳು. "ಬೂಟು ಕೊಡು ಇನ್ನ," ಎಂದು ಕೈಚಾಚಿದಳು. ಬುಡಾಪೆಸ್ಟಿನಲ್ಲಿ ನಾವು ಬೇರೇನೂ ನೋಡಲಿಲ್ಲ.

ರಜೆಗೆ ಊರಿಗೆ ಹೋದವಳು ಹೊಸ ಲಿಂಗದೊಂದಿಗೆ ಬಂದಳು. ಅವಳಿಗೆ ಎಲ್ಲ ಸರಿಹೋಯಿತು. ಹೊಸಬರಿಗೆ ನನ್ನ ಪರಿಚಯ ಹೇಳುವಾಗಲೆಲ್ಲ, "ಈಕಿ ಮುಂದ ಕೈಯಾಗ ಏನೂ ಹಿಡಕೋಬ್ಯಾಡ್ರಿ. ಬಿಡು ಅಂತ ಒದರತಾಳ," ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ರಾತ್ರಿ ಮಾತ್ರ ನನ್ನ ಕೂಗಿಗೆ ನಾನೇ ಎಚ್ಚರಾಗುತ್ತಿದ್ದೆ. ಕನಸಿನಲ್ಲಿ ಅವಳ ಮುಷ್ಟಿ ಬಿಚ್ಚುತ್ತಿರಲಿಲ್ಲ. ಓದು ಮುಗಿಸಿ ಸಿಂಧನೂರಿಗೆ ಮರಳಿ, ಮಸ್ಕಿಯಲ್ಲಿ ಪಾಠ ಹೇಳಲು ಸೇರಿದ ಮೇಲೂ ಅದು ತಪ್ಪಲಿಲ್ಲ.

ಹೋದ ವರ್ಷ ಅವಳು ಊರಿಗೆ ಬಂದಿದ್ದಾಗ ಜ್ವರ ಬಂತು. ಇಳಿಯಲಿಲ್ಲ. ಅವಳು ಹೋದ ಸುದ್ದಿ ಬಂದಾಗ ಕ್ಲಾಸಿನಲ್ಲಿದ್ದೆ. ಲಿಂಗಸುಗೂರು ಮುಟ್ಟುವ ಹೊತ್ತಿಗೆ ಅವಳನ್ನು ಸಮಾಧಿಯ ಕುಣಿಯಲ್ಲಿ ಕೂಡಿಸಿದ್ದರು. ನಾನು ಹೊರಗಿನವಳು, ಹಿಂದೆ ನಿಂತಿದ್ದೆ. ಅವಳ ಅಜ್ಜ ನನ್ನನ್ನು ಕಂಡು ಜನರನ್ನು ಸರಿಸಿ ಮುಂದೆ ಕರೆದರು. ಅವಳ ಎಡ ಅಂಗೈ ಮೇಲೆ ಲಿಂಗವಿಟ್ಟು ಬೆರಳು ಮಡಿಸಿದ್ದರು. ಸುತ್ತ ವಿಭೂತಿ, ಬಿಲ್ವಪತ್ರಿ. ಆ ಮುಷ್ಟಿಯನ್ನೇ ನೋಡುತ್ತ ನಿಂತೆ. ಬಿಡು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಸಿಂಧನೂರಿನ ಮನೆಗೆ ಬಂದು ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಆ ಕನಸು ಬಂದಿರಲಿಲ್ಲ, ನಡುವೆ ಒಮ್ಮೆಯೂ ಎಚ್ಚರಾಗಿರಲಿಲ್ಲ.