ನಾನು ಬರೆದ ಊರಿನ ಚರಿತ್ರೆ

ಇವತ್ತು ಬೆಳಗ್ಗೆ ಸೊಸೆ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸುತ್ತಿದ್ದಳು. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಲಕ್ಕಮ್ಮ ನೆನಪಾದಳು. ಅವಳ ವಿಷಯ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳಿಬಿಡುತ್ತೇನೆ.

ಮಹಾರಾಜರ ಕಾಲ. ಜಯಮಂಗಲಿ ಹೊಳೆಯ ದಂಡೆಯ ನಮ್ಮ ಊರಿಗೆ ಪುರಸಭೆ ಬಂದಿತ್ತು. ಪೇಟೆಬೀದಿ ಅಗಲವಾಗಿ, ಸೀಮೆಎಣ್ಣೆ ದೀಪದ ಕಂಬಗಳು ನಿಂತಿದ್ದವು. ಇಷ್ಟಾದ ಮೇಲೆ ಊರಿಗೊಂದು ಚರಿತ್ರೆ ಬೇಡವೇ? ಪುರಸಭೆಯ ಹೊಸ ಕಟ್ಟಡ ತೆರೆಯುವ ದಿನ ಓದಲು ಬರೆದುಕೊಡಿ ಎಂದು ಊರ ಹಿರಿಯರು ನನಗೆ ಹೇಳಿದರು. ನಾನು ಆಗಿನ್ನೂ ಹೊಸ ಮೇಷ್ಟ್ರು. ಜರಿಪೇಟವೂ ಹೊಸದು, ಅದರೊಳಗಿನ ತಲೆ ಇದ್ದುದಕ್ಕಿಂತ ದೊಡ್ಡದೆಂದು ನನಗೇ ಅನ್ನಿಸುತ್ತಿತ್ತು.

ಊರಿನ ಸಂಗತಿ ಬಲ್ಲವಳು ಲಕ್ಕಮ್ಮ, ಹೊಳೆದಂಡೆಯಲ್ಲಿ ಸೊಪ್ಪು ಬೆಳೆದು ಮಾರುವ ಮುದುಕಿ. ಹೋಗಿ ಕೇಳಿದೆ. ಅವಳ ಮುತ್ತಜ್ಜಿ, ಗಂಡ ಸತ್ತವಳು, ಹೊಳೆ ದಾಟುವ ಕಡೆ ಹುಣಸೆಮರದಡಿ ಅಂಬಲಿ ಕಾಸಿ ಮಾರುತ್ತಿದ್ದಳಂತೆ. ಪಾವಗಡದ ಕಡೆಯ ಗಾಡಿಯವರು ಅದಕ್ಕೆಂದೇ ಎತ್ತು ಬಿಚ್ಚತೊಡಗಿದರು. ಎತ್ತು ನಿಂತಲ್ಲಿಗೆ ಲಾಳ ಕಟ್ಟುವವನು ಬಂದ, ಆಮೇಲೆ ಉಪ್ಪಿನ ಅಂಗಡಿ, ಆಮೇಲೆ ಸಂತೆ. ಸಂತೆಯ ಸುತ್ತ ಮನೆಗಳೆದ್ದವು.

“ಊರು ಕಟ್ಟಿದ್ದು ನಮ್ಮಜ್ಜಿ ಕಣಪ್ಪ. ಅಂಗೇ ಬರ್ಕೊ,” ಎಂದಳು.

ಬರೆದದ್ದನ್ನು ಹಿರಿಯರಿಗೆ ಓದಿ ತೋರಿಸಿದೆ. ನಕ್ಕರು. ದೊಡ್ಡ ಅಧಿಕಾರಿಗಳ ಮುಂದೆ ಇದನ್ನು ಓದಿದರೆ ಊರಿನ ಮಾನ ಏನಾದೀತು ಎಂದರು. ನಾನು ವಾದಿಸಲಿಲ್ಲ. ಒಬ್ಬ ಪಾಳೆಯಗಾರ, ಅವನಿಗೊಂದು ಬಿಳಿ ಕುದುರೆ, ಕುದುರೆ ನಿಂತಲ್ಲಿ ಒಂದು ಶುಭಶಕುನ: ಎಲ್ಲವನ್ನೂ ಒಂದೇ ಸಂಜೆಯಲ್ಲಿ ಹುಟ್ಟಿಸಿದೆ. ಕಟ್ಟಡ ತೆರೆದ ದಿನ ಅದನ್ನು ಓದಿದೆ, ಸಭೆ ಚಪ್ಪಾಳೆ ತಟ್ಟಿತು.

ಜನ ಚದುರಿದ ಮೇಲೆ ನೋಡಿದರೆ, ಹಿಂದಿನ ಕಂಬದ ಬಳಿ ಲಕ್ಕಮ್ಮ. ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದಳು.

“ನಮ್ಮಜ್ಜಿ ಎಲ್ಲಿ ಬಂದ್ಲು ಮೇಷ್ಟ್ರೇ? ನಂಗೆ ಕೇಳುಸ್ಲೇ ಇಲ್ಲ.”

“ಮೊದಲಲ್ಲೇ ಬಂದಳಲ್ಲಮ್ಮ,” ಎಂದೆ.

“ಅಂಗಾ? ಕಿವಿ ಮಂದ ಆಗೋಗದೆ ಕಣಪ್ಪ,” ಎಂದು ಕೈಮುಗಿದು ಹೋದಳು. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡಳು. ಮಕ್ಕಳು ಮಿಡಿಗೇಶಿ ಕಡೆಗೆ ಹೋದರು.

ಈಗ ಸ್ವರಾಜ್ಯ ಬಂದಿದೆ. ಶಾಲೆಯ ಎಳೆಯ ಮೇಷ್ಟ್ರು ಮಕ್ಕಳಿಗೆ ಪಾಳೆಯಗಾರನ ಪಾಠ ಮಾಡುತ್ತಾರೆ. ಇವತ್ತು ಮಧ್ಯಾಹ್ನ ಅವರನ್ನು ಮನೆಗೆ ಕರೆಸಿ, ಕುದುರೆ ಸಮೇತ ಎಲ್ಲವೂ ನನ್ನ ಸುಳ್ಳು ಎಂದು ಒಪ್ಪಿಕೊಂಡೆ. ಅವರು ಕಾಗದ ತೆಗೆದು, ಆ ಮುತ್ತಜ್ಜಿಯ ಹೆಸರೇನು ಎಂದು ಕೇಳಿದರು.

ಲಕ್ಕಮ್ಮ ಹೇಳಿದ್ದಳು. ನಾನು ಬರೆದುಕೊಂಡಿರಲಿಲ್ಲ.