ಗುರುಮಲ್ಲಮ್ಮನ ಎರಡು ವಯಸ್ಸು

ನನ್ನ ಸೋದರತ್ತೆ ಗುರುಮಲ್ಲಮ್ಮನಿಗೆ ಎರಡು ವಯಸ್ಸಿದ್ದವು. ಒಂದು ಮನೆಯದು, ಇನ್ನೊಂದು ಸರ್ಕಾರದ್ದು. ಸರ್ಕಾರದ್ದು ನಾಲ್ಕು ವರ್ಷ ದೊಡ್ಡದು. ಈ ಸಂಗತಿ ಸ್ವತಃ ಅತ್ತೆಗೇ ಮರೆತುಹೋಗಿತ್ತು. 1954ರ ಆಷಾಢದಲ್ಲಿ ರಜೆ ಚೀಟಿ ಕೊಡಲು ಚಾಮರಾಜನಗರದ ಕಚೇರಿಗೆ ಹೋದಾಗ ನೆನಪಾಯಿತು.

ಆಗ ಅತ್ತೆ ಹರವೆಯಲ್ಲಿ ಸರ್ಕಾರಿ ಮಿಡ್‌ವೈಫ್. ಸುತ್ತಲಿನ ಊರಿನವರೆಲ್ಲ ‘ನರ್ಸಮ್ಮ’ ಎನ್ನುತ್ತಿದ್ದರು. ಕಚೇರಿಯ ಹೆಡ್ ಗುಮಾಸ್ತ ರಂಗನಾಯಕ ರಜೆ ಚೀಟಿಯನ್ನು ತೆಗೆದುಕೊಂಡು, ಸರ್ವಿಸ್ ಪುಸ್ತಕದ ಹಾಳೆ ತಿರುವುತ್ತ, “ಐವತ್ತೈದಕ್ಕೆ ರಿಟೈರಾಗೋಕೆ ಇನ್ನೆರಡು ವರ್ಷ ಅಲ್ವಾ ನಿಮಗೆ?” ಎಂದರು.

“ಎರಡಲ್ಲ ಕಣಪ್ಪ, ಆರು. ನಂಗೀಗ ನಲವತ್ತೊಂಬತ್ತು.”

“ಇದ್ರಲ್ಲಿ ಐವತ್ಮೂರು ಅಂತ ಅದೆ ಅಮ್ಮ. ಕೆಳಗೆ ನಿಮ್ಮ ರುಜುನೇ ಅದೆ ನೋಡಿ.”

ಅತ್ತೆ ನೋಡಿದಳು. ಮೂವತ್ತು ವರ್ಷದ ಹಿಂದಿನ, ಇನ್ನೂ ಕೈ ಕೂಡದ ಅಕ್ಷರ. ತನ್ನದೇ.

ಅತ್ತೆಯ ಗಂಡ ಜ್ವರದಲ್ಲಿ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು. ಎರಡು ವರ್ಷ ತವರಿನಲ್ಲಿದ್ದಳು. 1926ರಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು ಓದುಬರಹ ಬಲ್ಲ ಹೆಂಗಸರನ್ನು ಹೆರಿಗೆ ಕೆಲಸದ ತರಬೇತಿಗೆ ಆರಿಸುತ್ತಿದ್ದಾರೆಂದು ತಿಳಿದು, ನನ್ನ ತಾತ ದೊಡ್ಡಮಲ್ಲಪ್ಪ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಡಾಕ್ಟರಮ್ಮ ಇಪ್ಪತ್ತೈದು ತುಂಬಿದವರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಪಂಚಾಯ್ತಿಯಲ್ಲಿ ಒಂದು ದಿನವೂ ಸುಳ್ಳಾಡದ ತಾತ ಅವತ್ತು ನೆಲ ನೋಡಿಕೊಂಡು, “ಇಪ್ಪತ್ತೈದು ತುಂಬ್ತು ತಾಯಿ” ಎಂದುಬಿಟ್ಟರು. ಅತ್ತೆ ಸುಮ್ಮನೆ ರುಜು ಹಾಕಿದಳು. ಆಮೇಲೆ ಮೈಸೂರಿನಲ್ಲಿ ತರಬೇತಿ, ಕೆಲಸ, ವರ್ಗ, ಹೆರಿಗೆ, ಮತ್ತೆ ಹೆರಿಗೆ. ಬರೆದ ವಯಸ್ಸನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ತೊಂದರೆ ಏನೆಂದರೆ ಅತ್ತೆ ತನ್ನ ಮುಂದಿನ ಬದುಕನ್ನೆಲ್ಲ 1960ಕ್ಕೆ ಗುರಿಯಿಟ್ಟು ಜೋಡಿಸಿಕೊಂಡಿದ್ದಳು. ಗುಂಡ್ಲುಪೇಟೆಯಲ್ಲಿ ನಮ್ಮ ಮನೆಗೆ ಎರಡು ಬೀದಿ ಆಚೆ ಹೆಂಚಿನ ಪುಟ್ಟ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದಳು. 1947ರಲ್ಲಿ ಅಂಚೆ ಕಚೇರಿಯಲ್ಲಿ ಆರು ನೂರು ರೂಪಾಯಿಗೆ ಹನ್ನೆರಡು ವರ್ಷದ ಸರ್ಟಿಫಿಕೇಟು ಕೊಂಡಿದ್ದಳು. 1959ಕ್ಕೆ ಅದು ಒಂಬೈನೂರಾಗುತ್ತಿತ್ತು. ಮರುವರ್ಷ ನಿವೃತ್ತಿ, ಕೈಯಲ್ಲಿ ಇಡುಗಂಟು, ತಲೆಯ ಮೇಲೆ ಸ್ವಂತ ಸೂರು. ಈಗ ನಡುವೆ ನಾಲ್ಕು ವರ್ಷದ ಸಂಬಳ ಕೊಚ್ಚಿಕೊಂಡು ಹೋಗಿತ್ತು.

ಹರವೆಗೆ ಹಿಂದಿರುಗುವ ಬಸ್ಸಿನಲ್ಲಿ ಅವಳಿಗೆ ಮೊದಲು ತಾತನ ಮೇಲೆ ಸಿಟ್ಟು ಬಂತಂತೆ. ಅರ್ಧ ದಾರಿಗೆ ಅದು ಕರಗಿತಂತೆ. ಆ ವಾರ ನಮ್ಮ ಮನೆಗೆ ಬಂದವಳು ಅಡಿಗೆಮನೆಯಲ್ಲಿ ಕೂತು ನನಗೂ ಅಮ್ಮನಿಗೂ ಹೇಳಿದಳು: “ಅವತ್ತು ನಮ್ಮಪ್ಪ ನಿಜ ಯೋಳಿದ್ರೆ ನಾನು ಈ ಹಟ್ಟಿಲೇ ರಾಗಿ ಬೀಸ್ಕಂಡು ಇರ್ತಿದ್ದೆ. ಮೂವತ್ತು ವರ್ಷದ ಸಂಬ್ಳ ಕೊಡ್ಸ್ಬುಟ್ಟು ನಾಕು ವರ್ಷ ಈಸ್ಕಂಡ. ಅಪ್ಪನ್ನ ಬೈಯಾಕೆ ನಂಗೆ ಬಾಯಿ ಬರ್ನಿಲ್ಲ.”

ಹಾಗೆಂದವಳು ಸುಮ್ಮನೆ ಕೂರಲಿಲ್ಲ. ರಂಗನಾಯಕರನ್ನು ಕೇಳಿ ತನಗೆ ಬರಬಹುದಾದ ಪಿಂಚಣಿ ಎಷ್ಟೆಂದು ತಿಳಿದುಕೊಂಡಳು. ತಿಂಗಳಿಗೆ ಇಪ್ಪತ್ತನಾಲ್ಕು ರೂಪಾಯಿ. ಸಂಬಳ ಆಗ ಐವತ್ತೆಂಟು. ಮುಂದಿನ ಒಂದನೇ ತಾರೀಖಿನಿಂದ ಅತ್ತೆ ಇಪ್ಪತ್ತನಾಲ್ಕರಲ್ಲೇ ಬದುಕಲು ತೊಡಗಿದಳು. ಮಿಕ್ಕ ಮೂವತ್ತನಾಲ್ಕು ರೂಪಾಯಿ ಸಂಬಳದ ದಿನವೇ ಅಂಚೆ ಕಚೇರಿಯ ಪಾಸ್‌ಬುಕ್ಕಿಗೆ ಹೋಗುತ್ತಿತ್ತು.

“ಎರಡು ವರ್ಷ ಮುಂಚೆನೇ ಯಾಕೆ ಅತ್ತೆ ಈ ವ್ರತ?” ಎಂದು ನಾನು ಕೇಳಿದ್ದೆ.

“ಮುಂದಕ್ಕೆ ಇಪ್ಪತ್ನಾಕರಲ್ಲಿ ಬದುಕಕಾಯ್ತದೋ ಇಲ್ವೋ, ಸಂಬ್ಳ ಬರೋವಾಗ್ಲೇ ತಿಳ್ಕಂಬುಡಬೇಕು ಕಣಮ್ಮಿ. ಆಗ್ದೆ ಓದ್ರೆ ಈಗ್ಲಾದ್ರೂ ದಾರಿ ಹುಡುಕಬೋದು.”

ಮೊದಲ ಮೂರು ತಿಂಗಳು ಆಗಲಿಲ್ಲ. ಇಪ್ಪತ್ತನೇ ತಾರೀಖಿಗೆ ಕೈ ಬರಿದಾಗುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ನೋಡಿದಾಗ, ಬಂದುಹೋಗುವವರಿಗೆಲ್ಲ ಕಾಸುವ ಕಾಫಿ, ಅಗಸರ ಖರ್ಚು, ಮತ್ತೆ ಕೇಳಿದವರಿಗೆಲ್ಲ ಕೊಡುವ ಎಂಟಾಣೆ, ಒಂದು ರೂಪಾಯಿ. ಕಾಫಿ ಬದಲು ಮಜ್ಜಿಗೆ ಬಂತು. ಬಟ್ಟೆ ತಾನೇ ಒಗೆದುಕೊಂಡಳು. ಕೊಡುವುದನ್ನು ಮಾತ್ರ ಪೂರ್ತಿ ನಿಲ್ಲಿಸಲಾರದೆ ತಿಂಗಳಿಗೆ ಎರಡು ರೂಪಾಯಿ ಎಂದು ಗೆರೆ ಎಳೆದುಕೊಂಡಳು. ಆ ಎರಡು ಮುಗಿದ ಮೇಲೆ ಬಂದವರಿಗೆ ಮುದ್ದೆ ಊಟ ಹಾಕಿ ಕಳಿಸುತ್ತಿದ್ದಳು.

1956ರ ಅಕ್ಟೋಬರಿನಲ್ಲಿ ನಿವೃತ್ತಿಯಾಯಿತು. ಹರವೆಯವರು ಗಾಡಿ ಕಟ್ಟಿ ಸಾಮಾನು ತಂದುಕೊಟ್ಟರು. ಬಾಡಿಗೆಗಿದ್ದವನು ಕುಂಞಿರಾಮ, ಬಸ್ ನಿಲ್ದಾಣದ ಹತ್ತಿರ ಚಹಾ ಅಂಗಡಿ ಇಟ್ಟಿದ್ದ ಮಲೆಯಾಳಿ. ಅವನನ್ನು ಬಿಡಿಸಲು ಅತ್ತೆಗೆ ಮನಸ್ಸಾಗಲಿಲ್ಲ. ಮುಂದಿನ ಭಾಗ ಅವನ ಸಂಸಾರಕ್ಕೇ ಬಿಟ್ಟು, ಹಿಂದಿನ ಕೋಣೆಯಲ್ಲಿ ಒಲೆ ಹೂಡಿದಳು. ತಿಂಗಳಿಗೆ ಎಂಟು ರೂಪಾಯಿ ಬಾಡಿಗೆ ತಪ್ಪದೆ ಬರುತ್ತಿತ್ತು.

ಆ ತಿಂಗಳೇ ನಮ್ಮಪ್ಪ ಪುಟ್ಟಮಲ್ಲಪ್ಪ ಒಂದು ಮಾತು ಎತ್ತಿದ್ದು. ಅಪ್ಪ ಬೇಸಾಯದ ಜೊತೆಗೆ ಹುರುಳಿ, ಅವರೆ, ತರಕಾರಿ ಕೇರಳದ ಕಡೆಗೆ ಕಳಿಸುತ್ತಿದ್ದರು. ಒಬ್ಬರ ಜೊತೆ ಪಾಲಿನಲ್ಲಿ ಹಳೆಯ ಲಾರಿಯೊಂದನ್ನು ಕೊಳ್ಳಲು ಹೊರಟಿದ್ದರು.

“ಅಕ್ಕ, ಪಿಂಚಣಿಲಿ ಒಂದು ಭಾಗ ಬುಟ್ಕೊಟ್ರೆ ಒಟ್ಟಿಗೆ ದುಡ್ಡು ಕೊಡ್ತಾರಂತೆ. ಸರ್ಟಿಫಿಕೇಟೂ ಮುರಿಸ್ಬುಡು. ಎಲ್ಲ ಸೇರ್ಸಿ ಲಾರಿಗೆ ಹಾಕನ. ನಿನ್ನ ಪಾಲು ನಿನ್ಗೆ ತಿಂಗ್ಳಾ ತಿಂಗ್ಳಾ ತಂದ್ಕೊಡ್ತೀನಿ.”

ಅಪ್ಪನ ಮಾತಿನಲ್ಲಿ ಮೋಸ ಇರಲಿಲ್ಲ. ಅದು ಅತ್ತೆಗೂ ಗೊತ್ತಿತ್ತು. ಅದಕ್ಕೇ ಉತ್ತರ ಹೇಳುವುದು ಕಷ್ಟವಾಯಿತು. ತಟ್ಟೆಯಲ್ಲಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಹೇಳಿದಳು:

“ನೀನು ಒಳ್ಳೇನು ಕಣ್ಲಾ ಪುಟ್ಟ. ಲಾರಿನೂ ಒಳ್ಳೇದೇ ಇರ್ಬೋದು. ಲಾರಿ ಕೆಟ್ಟು ನಿಂತ್ರೆ ನೀನು ರಿಪೇರಿ ಮಾಡ್ಸ್ತೀಯೆ. ಎಪ್ಪತ್ತು ವರ್ಷಕ್ಕೆ ನಾನು ಕೆಟ್ಟು ನಿಂತ್ರೆ ಆ ಇಪ್ಪತ್ನಾಕೇ ನಂಗೆ ರಿಪೇರಿ. ಅದನ್ನ ಕೇಳ್ಬೇಡ.”

“ನಾನಿರಾಕಿಲ್ವಾ ನಿನ್ನ ನೋಡ್ಕಳಾಕೆ?”

“ಇದ್ದೀಯೆ. ನಿನ್ನ ಮಕ್ಕಳೂ ಅವರೆ. ನೀನು ನೋಡ್ಕಂಡ್ರೆ ಪ್ರೀತಿಗೆ ನೋಡ್ಕಬೇಕು, ನನ್ನ ತಾವ ಇಲ್ಲ ಅಂತ ಅಲ್ಲ.”

ಅಪ್ಪ ಎದ್ದು ಹೋದರು. ಲಾರಿ ಬೇರೆ ದುಡ್ಡಿನಲ್ಲಿ ಬಂತು, ಆದರೆ ಮೂರು ತಿಂಗಳು ಅಪ್ಪ ಅಕ್ಕನ ಮನೆಯ ಬೀದಿಗೆ ಕಾಲಿಡಲಿಲ್ಲ. ಅಮ್ಮ ಮಾಡಿದ ಅವರೆಕಾಳು ಸಾರನ್ನು ನಾನು ಒಯ್ದುಕೊಡುತ್ತಿದ್ದೆ. ಅತ್ತೆ ಪಾತ್ರೆ ತೊಳೆದು, ಅದರಲ್ಲಿ ಒಂದು ಅಚ್ಚು ಬೆಲ್ಲ ಇಟ್ಟು, “ನಿಮ್ಮಪ್ಪಂಗೆ ಕೊಡು” ಎನ್ನುತ್ತಿದ್ದಳು. ಅಪ್ಪ ಬೆಲ್ಲ ತಿನ್ನುತ್ತಿದ್ದರು, ಮಾತಾಡುತ್ತಿರಲಿಲ್ಲ.

ಇತ್ತ ಪಿಂಚಣಿ ಬರಲೇ ಇಲ್ಲ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಜನವರಿಯಲ್ಲಿ ಅತ್ತೆ ಮತ್ತೆ ಚಾಮರಾಜನಗರಕ್ಕೆ ಹೋದಳು. ರಂಗನಾಯಕ ಕುರ್ಚಿ ಎಳೆದು ಕೂರಿಸಿ ಸರ್ವಿಸ್ ಪುಸ್ತಕ ತೆರೆದರು. 1929ರಿಂದ 31ರವರೆಗೆ, ಕಾಡಂಚಿನ ಪುಣಜನೂರಿನ ಔಷಧಾಲಯದಲ್ಲಿ ಅತ್ತೆ ದುಡಿದ ಇಪ್ಪತ್ತೆರಡು ತಿಂಗಳಿಗೆ ಮೇಲಧಿಕಾರಿಯ ದೃಢೀಕರಣ ಇರಲಿಲ್ಲ. ಆ ವೈದ್ಯರು ತೀರಿಹೋಗಿದ್ದರು. ಔಷಧಾಲಯವೂ ಎಂದೋ ಮುಚ್ಚಿತ್ತು.

“ನೀವು ಅಲ್ಲಿ ಇರ್ಲಿಲ್ಲ ಅಂತ ನಾನು ಅಂತೀನಾ ಅಮ್ಮ? ಮೇಲಿನೋರು ಆಧಾರ ಕೇಳ್ತಾರೆ. ಆ ಕಾಲದಲ್ಲಿ ಹುಟ್ಟಿದ ಮಕ್ಕಳನ್ನ ಪಟೇಲರ ಪುಸ್ತಕದಲ್ಲಿ ಬರೀತಿದ್ರಲ್ಲ, ಅದ್ರಲ್ಲಿ ನಿಮ್ಮ ಹೆಸರೇನಾದ್ರೂ ಅದೆಯಾ?”

ಅತ್ತೆಯ ಕಣ್ಣು ಅರಳಿತು. ಆಗಿನ ಪಟೇಲರಿಗೆ ಕಣ್ಣು ಮಂಜಾಗಿತ್ತು. ಹೆರಿಗೆ ಮಾಡಿಸಿದವಳೇ ಪುಸ್ತಕವನ್ನೂ ಬರೆದು, ಕೆಳಗೆ ರುಜು ಹಾಕಿ ಬರುತ್ತಿದ್ದಳು.

ಆ ಸಂಜೆ ನಮ್ಮ ಮನೆ ಜಗುಲಿಯ ಮೇಲೆ ಅತ್ತೆ ಇದನ್ನು ಅಮ್ಮನಿಗೆ ಹೇಳುತ್ತಿದ್ದಾಗ ಅಪ್ಪ ಒಳಗಿನಿಂದ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು, ಯಾರ ಮುಖವನ್ನೂ ನೋಡದೆ, “ನಾಳಿದ್ದು ಲಾರಿ ಸತ್ಯಮಂಗಲದ ಕಡೀಕೆ ಓಯ್ತದೆ. ಪುಣಜನೂರು ದಾರೀಲೇ ಅದೆ. ನಾನೂ ಬತ್ತೀನಿ” ಎಂದರು.

“ಆಗ್ಲಿ ಕಣ್ಲಾ” ಎಂದಳು ಅತ್ತೆ. ಅವರಿಬ್ಬರ ನಡುವಿನ ಮುನಿಸು ಅಷ್ಟಕ್ಕೇ ಮುಗಿಯಿತು.

ಪುಣಜನೂರಿನಲ್ಲಿ ಆಗ ಪಟೇಲಿಕೆ ಮಹದೇವಪ್ಪನವರದು, ಹಿಂದಿನ ಪಟೇಲರ ಮಗ. ಅಟ್ಟದ ಮೇಲೆ ಅರಿವೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಪುಸ್ತಕಗಳನ್ನು ಇಳಿಸಿದರು. ಅಂಚು ಗೆದ್ದಲು ತಿಂದಿತ್ತು, ಅಕ್ಷರ ಉಳಿದಿತ್ತು. ಇಪ್ಪತ್ತೆರಡು ತಿಂಗಳಲ್ಲಿ ನಲವತ್ತೊಂದು ಹೆರಿಗೆ. ಪ್ರತಿ ಹೆಸರಿನ ಕೆಳಗೂ ಗುರುಮಲ್ಲಮ್ಮನ ರುಜು.

ಸುದ್ದಿ ಹಬ್ಬಿ ಜನ ಸೇರಿದರು. ಅವರಲ್ಲಿ ಐವತ್ತು ದಾಟಿದ ದೊಡ್ಡಮಾದಮ್ಮ ಎಂಬ ಹೆಂಗಸು ನೇರ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಆಕೆಗೆ ಮೂರು ಕೂಸು ಹುಟ್ಟಿ ಹುಟ್ಟಿ ಸತ್ತಿದ್ದವು. ನಾಲ್ಕನೆಯದು ಕಾಲು ಮುಂದಾಗಿ ಬಂದಿತ್ತು. ಅತ್ತೆ ಒಂದು ಹಗಲು ಒಂದು ರಾತ್ರಿ ಜೊತೆಗಿದ್ದು ತಾಯಿ ಮಗು ಇಬ್ಬರನ್ನೂ ಉಳಿಸಿದ್ದಳು.

“ನರ್ಸಮ್ಮ ಇಲ್ಲಿ ಇದ್ದುದ್ದಕ್ಕೆ ಸಾಕ್ಸಿ ಬೇಕಂತಾ?” ಎಂದು ದೊಡ್ಡಮಾದಮ್ಮ ಪಟೇಲರನ್ನು ಕೇಳಿದಳು. “ನನ್ನ ಮಗ್ಳು ಎರಡು ಮಕ್ಕಳ ತಾಯಿ ಈಗ. ಅವ್ಳನ್ನೇ ಕಚೇರಿಗೆ ಕರ್ಕೊಂಡೋಗಿ ತೋರ್ಸ್ಲಾ?”

ಪುಸ್ತಕದಲ್ಲಿ ಆ ಮಗುವಿನ ಹೆಸರು ಗುರುಮಲ್ಲಮ್ಮ ಎಂದಿತ್ತು. ಆ ಹೆಸರು ಮಾತ್ರ ಅತ್ತೆಯ ಕೈಬರಹವಲ್ಲ; ಅವಳಿಗೆ ವರ್ಗವಾದ ಮೇಲೆ ಯಾರೋ ಸೇರಿಸಿದ್ದು. ತನ್ನ ಹೆಸರು ಆ ಊರಿನಲ್ಲಿ ಬೆಳೆದು ದೊಡ್ಡದಾಗಿ ಗಂಡನ ಮನೆಗೂ ಹೋಗಿದೆಯೆಂದು ಅತ್ತೆಗೆ ತಿಳಿದದ್ದು ಆಗಲೇ. ಅವಳು ಆ ಹೆಸರಿನ ಮೇಲೆ ಬೆರಳಾಡಿಸಿದಳಂತೆ. ಇದನ್ನು ಹೇಳಿದವರು ಅಪ್ಪ.

ಮಹದೇವಪ್ಪ ನಲವತ್ತೊಂದನ್ನೂ ನಕಲು ಮಾಡಿಸಿ ರುಜು ಹಾಕಿಕೊಟ್ಟರು. ರಂಗನಾಯಕ ಅದನ್ನು ತಮ್ಮ ಕೈಯಾರೆ ಮೇಲಕ್ಕೆ ಕಳಿಸಿ, ವಾರಕ್ಕೊಮ್ಮೆ ವಿಚಾರಿಸಿದರು. ಆದರೂ ಪಿಂಚಣಿ ಮಂಜೂರಾಗಿ ಗುಂಡ್ಲುಪೇಟೆಯ ಖಜಾನೆಗೆ ಬರಲು 1957ರ ಮೇ ತಿಂಗಳಾಯಿತು. ಆ ಏಳು ತಿಂಗಳು ಅತ್ತೆ ಮೊದಲೇ ಕೂಡಿಟ್ಟಿದ್ದ ಪಾಸ್‌ಬುಕ್ಕಿನಿಂದ ತಿಂಗಳಿಗೆ ಇಪ್ಪತ್ತನಾಲ್ಕು ತೆಗೆದು ಬದುಕಿದಳು. ಸರ್ಟಿಫಿಕೇಟು ಮುಟ್ಟಲಿಲ್ಲ. ಯಾರಲ್ಲೂ ಕೈ ಚಾಚಲಿಲ್ಲ.

ಬಾಕಿಯೆಲ್ಲ ಒಟ್ಟಿಗೆ ಬಂದ ದಿನ ಅವಳು ರಂಗನಾಯಕರಿಗೊಂದು ಪಂಚೆ ಕೊಂಡೊಯ್ದಳು. ಅವರು ತೆಗೆದುಕೊಳ್ಳಲಿಲ್ಲ. “ನನ್ನ ಕೆಲಸಕ್ಕೆ ನಂಗೂ ಸಂಬಳ ಬತ್ತದೆ ಅಮ್ಮ” ಎಂದರಂತೆ. ದೊಡ್ಡಮಾದಮ್ಮನಿಗೆ ಅಪ್ಪನ ಲಾರಿಯಲ್ಲಿ ಒಂದು ಸೀರೆ ಹೋಯಿತು. ಅಲ್ಲಿಂದ ಒಂದು ಬಾಟಲಿ ಜೇನು ಬಂತು.

ಮರುವರ್ಷ ನನಗೆ ಗುಂಡ್ಲುಪೇಟೆಯ ಪ್ರೈಮರಿ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತು. ಮೊದಲ ಸಂಬಳ ಕೈಗೆ ಬಂದ ಸಂಜೆ ಅತ್ತೆ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ನನಗೆ ಒಂದು ಮೈಸೂರು ಸೀರೆಯ ಮೇಲೆ ಮನಸ್ಸಿತ್ತು.

“ಸೀರೆ ತಗೋ ಗಂಗಾಂಬಿಕೆ, ಬ್ಯಾಡ ಅನ್ನಾಕಿಲ್ಲ” ಎಂದಳು. “ಮೊದ್ಲು ಮುದುಕಿ ಗಂಗಾಂಬಿಕೆಗೆ ಒಂದಿಷ್ಟು ಎತ್ತಿಡು. ಮಿಕ್ಕಿದ್ರಲ್ಲಿ ಹುಡುಗಿ ಗಂಗಾಂಬಿಕೆ ಸೀರೆ ಉಟ್ಕಳ್ಳಿ. ಆ ಮುದುಕಿಗೆ ನಿನ್ನ ಬುಟ್ರೆ ಯಾರವ್ರೆ ಹೇಳು?”

ಅಂಚೆ ಕಚೇರಿ ಮುಚ್ಚುವ ಮುಂಚೆ ನನ್ನ ಹೆಸರಿನ ಪಾಸ್‌ಬುಕ್ಕು ತೆರೆಸಿದಳು. ಐದು ರೂಪಾಯಿ ಕಟ್ಟಿದೆ. ಸೀರೆ ಮುಂದಿನ ತಿಂಗಳು ಬಂತು. ನನ್ನ ನಂತರದ ಬದುಕಿನಲ್ಲಿ ಆ ಪುಸ್ತಕ ಎರಡು ಸಲ ನನ್ನನ್ನು ನೀರಿನಿಂದ ಮೇಲೆತ್ತಿದೆ. ಎರಡು ಸಲವೂ ಅವಳಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

1959ರಲ್ಲಿ ಸರ್ಟಿಫಿಕೇಟಿನ ಅವಧಿ ತುಂಬಿತು. ಆ ಹೊತ್ತಿಗೆ ಅಪ್ಪನ ಲಾರಿಯೂ ಚೆನ್ನಾಗಿ ಓಡಿ, ಎರಡನೆಯದು ಕೊಳ್ಳುವ ಮಾತು ನಡೆದಿತ್ತು. “ಅವತ್ತು ಹಾಕಿದ್ರೆ ಇವತ್ತು ನಿಂಗೆ ಇದ್ರ ಎರಡರಷ್ಟು ಆಗಿರದು ಅಕ್ಕ” ಎಂದರು ಅಪ್ಪ, ಚುಚ್ಚಲು ಅಲ್ಲ, ಇದ್ದ ಮಾತು ಎಂದು.

ಅತ್ತೆ ಒಪ್ಪಿಕೊಂಡಳು. “ಆಗಿರದು ಕಣ್ಲಾ. ನಿಂಗೆ ಒಳ್ಳೇದಾಯ್ತಲ್ಲ, ನಂಗದು ಸಂತೋಸ. ನಿನ್ನ ಲಾರಿ ಘಾಟಿ ಇಳಿವಾಗ ನಾನು ನಿನ್ನ ಒಬ್ಬನ್ನ ನೆನೆಸ್ಕತ್ತಿದ್ದೆ. ದುಡ್ಡೂ ಅದ್ರಲ್ಲೇ ಇದ್ದಿದ್ರೆ ಯಾವುದ್ನ ನೆನೆಸ್ಕತ್ತಿದ್ನೋ ಏನೋ.”

ಬಂದ ಒಂಬೈನೂರರಲ್ಲಿ ಆರು ನೂರನ್ನು ಮತ್ತೆ ಹೊಸ ಸರ್ಟಿಫಿಕೇಟಿಗೆ ಹಾಕಿದಳು. “ಇನ್ನೂ ಹನ್ನೆರಡು ವರ್ಷ ಕಾಯ್ತೀರಾಮ್ಮ?” ಎಂದ ಪೋಸ್ಟ್‌ಮಾಸ್ಟರಿಗೆ, “ಕಾಯಾಕೆ ನಂಗೆ ಬೇರೆ ಏನು ಕೆಲ್ಸ ಅದೆ?” ಎಂದಳು. ಇನ್ನೂರೈವತ್ತು ರೂಪಾಯಿ ಮನೆಯ ಹಳೆಯ ಹೆಂಚು ತೆಗೆಸಿ ಹೊಸದು ಹೊದಿಸಲು ಹೋಯಿತು. ಉಳಿದ ಐವತ್ತನ್ನು ಸೆರಗಿಗೆ ಗಂಟು ಹಾಕಿಕೊಂಡು ಕುಂಞಿರಾಮನ ಹೆಂಡತಿಯನ್ನು ಕೇಳಿದಳು, ಅವರ ಊರಿನ ಕಡೆ ಸಮುದ್ರ ಎಷ್ಟು ದೂರ ಎಂದು.

ದಸರಾ ರಜೆಯಲ್ಲಿ ಅತ್ತೆ, ನಾನು, ಕುಂಞಿರಾಮನ ಹೆಂಡತಿ, ಮೂವರೂ ಕಲ್ಲಿಕೋಟೆಯ ಬಸ್ಸು ಹತ್ತಿದೆವು. ಬಂಡೀಪುರದ ಕಾಡು ಕಳೆಯುವವರೆಗೂ ಅತ್ತೆ ಕಿಟಕಿ ಬಿಡಲಿಲ್ಲ. ಸಂಜೆ ಮರಳಿನ ಮೇಲೆ ಕಾಲು ಚಾಚಿ ಕೂತು, ಅಲೆ ಪಾದಕ್ಕೆ ಬಂದು ಮುಟ್ಟುವುದನ್ನು ನೋಡುತ್ತ, ಕತ್ತಲಾಗುವವರೆಗೆ ಎದ್ದೇಳಲಿಲ್ಲ. ಐವತ್ತನಾಲ್ಕು ವರ್ಷದಲ್ಲಿ ಅವಳು ಯಾವ ಕಾರಣವೂ ಇಲ್ಲದೆ ಖರ್ಚು ಮಾಡಿದ್ದು ಅದೇ ಮೊದಲು.

ತಿರುಗಿ ಬಂದು ಗುಂಡ್ಲುಪೇಟೆಯಲ್ಲಿ ಇಳಿದಾಗ ಸೆರಗಿನ ಗಂಟಿನಲ್ಲಿ ಇನ್ನೂ ಹನ್ನೊಂದು ರೂಪಾಯಿ ಇತ್ತು. ನಾಳೆ ಅಂಚೆ ಕಚೇರಿಗೆ ಹೋಗುತ್ತದೆ ಎಂದುಕೊಂಡೆ.

“ಇದನ್ನೇನ್ಮಾಡ್ತೀಯೆ ಅತ್ತೆ?”

“ಇರ್ಲಿ ಬುಡು” ಎಂದಳು. “ಬ್ಯಾಸ್ಗೆ ರಜಕ್ಕೆ ಇನ್ನೊಂದ್ಸಲ ಓಗನ.”