ಚಕ್ರದ ಕೆಳಗಿನ ನಿಂಬೆಹಣ್ಣು

ಹಳೆಯ ಕಾರಿನ ಹೀಟರ್ ಹಾಕಿದಾಗ ಬರುವ ಸುಟ್ಟ ಧೂಳಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಯೊಕೊಸುಕಾದ ಗುಡ್ಡದ ಮೇಲಿದ್ದ ನಮ್ಮ ಬಾಡಿಗೆ ಮನೆ ನೆನಪಾಗುತ್ತದೆ. ಆಮೇಲೆ ಕೂತಲ್ಲಿ ಕೂರಲಾಗುವುದಿಲ್ಲ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಮೈಸೂರಿನ ನನ್ನಪ್ಪ ಅಮೆರಿಕಕ್ಕೆ ಹೋಗಿ, ಅಲ್ಲಿನ ನೌಕಾಪಡೆ ಸೇರಿ, ಹಡಗಿನ ಮೆಕ್ಯಾನಿಕ್ ಆಗಿ ಜಪಾನಿನ ಯೊಕೊಸುಕಾ ನೌಕಾನೆಲೆಗೆ ಬಂದವರು. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ನೆಲೆಯಲ್ಲಿ ಒಂದು ರೂಢಿಯಿತ್ತು: ವರ್ಗವಾಗಿ ಹೋಗುವವರು ತಮ್ಮ ಹಳೇ ಕಾರನ್ನು ಹೊಸದಾಗಿ ಬಂದವರಿಗೆ ದಾಟಿಸಿ ಹೋಗುವುದು. ನಮ್ಮ ಬಿಳಿ ಕಾರು ಎಷ್ಟು ಕೈ ದಾಟಿ ಬಂದಿತ್ತೋ ದೇವರಿಗೇ ಗೊತ್ತು. ಹಿಂದಿನ ಸೀಟಿನ ಸಂದಿಯಲ್ಲಿ ಯಾರದೋ ಮಗುವಿನ ಬಣ್ಣದ ಪೆನ್ಸಿಲ್ ಸಿಕ್ಕಿತ್ತು.

ಅಪ್ಪ ಸಮುದ್ರಕ್ಕೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅಮ್ಮನಿಗೆ ಡ್ರೈವಿಂಗ್ ಬಾರದು. ಬ್ಯಾಟರಿ ಸಾಯಬಾರದೆಂದು ದಿನಾ ಸಂಜೆ ಎಂಜಿನ್ ಚಾಲೂ ಮಾಡಿ, ಹೀಟರ್ ಹಾಕಿಕೊಂಡು, ನಾವಿಬ್ಬರೂ ನಿಂತ ಕಾರಿನಲ್ಲೇ ಕೂರುತ್ತಿದ್ದೆವು. ಡಬ್ಬಿಯಲ್ಲಿ ಅವಲಕ್ಕಿ, ನನ್ನ ತೊಡೆಯ ಮೇಲೆ ಹೋಂವರ್ಕ್. ಸುನಾಮಿ ಎದ್ದ ಆ ದೊಡ್ಡ ಭೂಕಂಪದ ವರ್ಷವಂತೂ ಅಮ್ಮನಿಗೆ ಮನೆಗಿಂತ ಕಾರೇ ವಾಸಿ ಎನಿಸಿತ್ತು. ನೆಲ ಒಂದಿಷ್ಟು ನಡುಗಿದರೂ ಒಲೆ ಆರಿಸಿ ಓಡಿಬರುತ್ತಿದ್ದಳು. ಅಪ್ಪ ಯಾವುದೋ ಬಂದರಿನಿಂದ ಫೋನ್ ಮಾಡಿ, “ನೀನೊಬ್ಳೇ ಹೇಗಿರ್ತೀಯ? ನಾನು ಬಂದ್ಮೇಲೆ ಕಾರು ಯಾರಿಗಾದ್ರೂ ಕೊಟ್ಬಿಡೋಣ. ನೀವಿಬ್ರೂ ಮೈಸೂರಿಗೆ ಹೋಗ್ಬಿಡಿ” ಎಂದರು. ಅಪ್ಪನನ್ನು ಬಿಟ್ಟು ಹೋಗುವುದೆಂದಾಗ ನಾನು ಅಮ್ಮನ ತೋಳು ಹಿಡಿದುಕೊಂಡೆ. ಅಮ್ಮ “ಹೂಂ” ಎಂದಷ್ಟೇ ಹೇಳಿ ಫೋನಿಟ್ಟಳು.

ಆಯುಧಪೂಜೆ ಬಂತು. ಕಾರು ತೊಳೆದು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣಿಟ್ಟು ಆರತಿ ಎತ್ತಿದೆವು. ಆಮೇಲೆ ಹೊಳೆಯಿತು: ಹಣ್ಣಿನ ಮೇಲೆ ಕಾರು ಹರಿಸುವವರು ಯಾರು? ಪ್ರತಿವರ್ಷ ಅದು ಅಪ್ಪನ ಕೆಲಸ. ಪಕ್ಕದ ಮನೆಯ ಅಜ್ಜಿ ಸಾತೋಸಾನ್ ಪೊರಕೆ ಹಿಡಿದು ನೋಡುತ್ತಿದ್ದರು.

“ತೆಗೆದ್ಬಿಡೋಣಮ್ಮಾ, ಇಟ್ಸ್ ಓಕೆ” ಎಂದೆ.

“ಇಟ್ಟ ಹಣ್ಣು ತೆಗಿಯೋದಾ? ಅಪ್ಪ ನೀರಿನ ಮೇಲಿದಾರೆ ಕಣೇ!” ಎಂದು ಗದರಿದ ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಮುಂದೆ ಕೂತಳು. ನಾನು ಪಕ್ಕದಲ್ಲಿ ಹತ್ತಿದೆ. ಅವಳು ಜೀವ ಕೈಯಲ್ಲಿ ಹಿಡಿದು ಗೇರ್ ಹಾಕಿ ಬ್ರೇಕ್ ಬಿಟ್ಟಳು. ಕಾರು ಮುಗ್ಗರಿಸಿ ಮುಂದೆ ಹೋಯಿತು, ಹಣ್ಣುಗಳು ಪಚಕ್ಕೆಂದವು. ಸಾತೋಸಾನ್ ಪೊರಕೆಯನ್ನು ಕಂಕುಳಲ್ಲಿಟ್ಟು ಚಪ್ಪಾಳೆ ತಟ್ಟಿದರು. ಅಲ್ಲಿಗೆ ಶಾಸ್ತ್ರ ಮುಗಿದಿತ್ತು, ಆದರೆ ಅಮ್ಮ ನಿಲ್ಲಿಸಲಿಲ್ಲ. ಮನೆ ಮುಂದಿನ ಖಾಲಿ ಪಾರ್ಕಿಂಗ್ ಜಾಗದಲ್ಲೇ ಒಂದು ಸುತ್ತು, ಇನ್ನೊಂದು ಸುತ್ತು ಹಾಕಿದಳು.

ಮುಂದಿನ ಸಲ ಅಪ್ಪನ ಫೋನ್ ಬಂದಾಗ, “ಮೈಸೂರು ಗೀಸೂರು ಏನೂ ಬೇಡ ಕಣ್ರೀ, ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೀನಿ” ಎಂದಳು. ಹಾಗೆ ಆ ಮನೆ ನಮಗೆ ಇನ್ನೂ ಕೆಲವು ವರ್ಷ ಉಳಿಯಿತು. ಕೊನೆಗೆ ಅಪ್ಪನಿಗೆ ವರ್ಗವಾಯಿತು, ಕಾರು ಇನ್ನೊಂದು ಕೈ ದಾಟಿತು, ಮನೆಯನ್ನೂ ಕೆಡವಿದರಂತೆ. ಅಮ್ಮ ಹೋದ ವರ್ಷ ತೀರಿಕೊಂಡಳು. ನಾನು ಊರಿಂದೂರಿಗೆ ಕೆಲಸ ಬದಲಿಸುತ್ತಲೇ ಇದ್ದೇನೆ. ಎಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಆ ದಿನ ಸುತ್ತು ಹಾಕುತ್ತಾ ಅಮ್ಮ, “ಎಲ್ಲಿಗೆ ಹೋಗೋಣ, ಹೇಳು ಪುಟ್ಟಿ?” ಎಂದು ಕೇಳಿದ್ದಳು. “ಮನೆಗೆ” ಎಂದಿದ್ದೆ. ಮನೆ ಎದುರಿಗೇ ಇತ್ತು.